ಟಿಕ್ ತೆಗೆದ ಮೇಲೂ ಹಳೇ ವಿಂಡೊಗಳೇ ತೆರೆಯುತ್ತಿವೆ, ಏನು ಮಾಡಲಿ?

ಪ್ರಶ್ನೆ: ಬ್ಯಾಡಗಿಯಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಬೆಳೆ ವಿಮೆ, ಸ್ಕಾಲರ್‌ಶಿಪ್ ಅರ್ಜಿ, ಝೆರಾಕ್ಸ್, ಇಂಥ ಕೆಲಸ. ಕಂಪ್ಯೂಟರ್ ಹಳೇದು, ಅದಕ್ಕೆ ಪರಿಚಯದ ಹುಡುಗನೊಬ್ಬ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿಕೊಟ್ಟ. ಮುಂಗಾರಿನಲ್ಲಿ ವಿಮೆ ಅರ್ಜಿಗಳ ಗಡಿಬಿಡಿ ಇದ್ದಾಗ, ರಾತ್ರಿ ಬಂದ್ ಮಾಡುವಾಗ ತೆರೆದಿದ್ದ ವಿಂಡೊಗಳೇ ಬೆಳಿಗ್ಗೆ ತಾನಾಗಿ ತೆರೆದರೆ ಅನುಕೂಲ ಅಂತ ಸೆಷನ್ ಸೇವ್ ಮಾಡುವ ಟಿಕ್ ಹಾಕಿಕೊಂಡೆ. ಸೀಸನ್ ಮುಗಿದ ಮೇಲೆ ಟಿಕ್ ತೆಗೆದೆ. ಆದರೂ ದಿನಾ ಬೆಳಿಗ್ಗೆ ಅದೇ 'ವಿಮೆ' ಫೋಲ್ಡರ್, ಅದೇ ಕರಿ ಟರ್ಮಿನಲ್, ಫೈರ್‌ಫಾಕ್ಸ್, ಮೂರೂ ತೆರೆದುಕೊಳ್ಳುತ್ತವೆ. ಕೆಲವು ಸಲ ಫೈರ್‌ಫಾಕ್ಸ್‌ನಲ್ಲಿ ಹಿಂದಿನ ದಿನದ ಪುಟಗಳೂ ಬರುತ್ತವೆ. ಮೊನ್ನೆ ಕಾಗಿನೆಲೆಯಿಂದ ಬಂದ ರೈತರೊಬ್ಬರು ಸ್ಕ್ರೀನ್ ಮೇಲೆ ಬೇರೆಯವರ ಆಧಾರ್ ಫೈಲುಗಳನ್ನು ನೋಡಿ 'ನಮ್ಮದೂ ಹಿಂಗ ಇಟ್ಟಿರ್ತೀರೇನು?' ಅಂತ ಕೇಳಿದರು. ಉತ್ತರ ಕೊಡಲಾಗಲಿಲ್ಲ. ಟಿಕ್ ತೆಗೆದು ಹಾಕಿ, ಮತ್ತೆ ತೆಗೆದು ನೋಡಿದೆ. ಒಬ್ಬರು ವೈರಸ್ ಅಂತಾರೆ, ಇನ್ನೊಬ್ಬರು ಫಾರ್ಮ್ಯಾಟ್ ಹೊಡೆಸು ಅಂತಾರೆ. ಆಫ್ ಮಾಡಿದ್ದು ಆಫ್ ಆಗಬೇಕಲ್ವಾ?

ಉತ್ತರ: ಫಾರ್ಮ್ಯಾಟ್ ಬೇಡ. ಇದು ವೈರಸ್ ಅಲ್ಲ, ಹಾರ್ಡ್‌ಡಿಸ್ಕ್ ಕೆಟ್ಟಿಲ್ಲ, ರ‍್ಯಾಮ್‌ಗೂ ಇದಕ್ಕೂ ಸಂಬಂಧವಿಲ್ಲ. ನೀವು ಬರೆದಿದ್ದರಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳು ಒಂದರೊಳಗೊಂದು ಕೂಡಿಕೊಂಡಿವೆ. ದಿನಾ ಅದೇ ಮೂರು ವಿಂಡೊ ಬರುವುದು ಡೆಸ್ಕ್‌ಟಾಪ್‌ನ ಕೆಲಸ. ಹಿಂದಿನ ದಿನದ ಪುಟಗಳು ಆಗಾಗ ಬರುವುದು ಫೈರ್‌ಫಾಕ್ಸ್‌ನ ಕೆಲಸ. ಒಂದನ್ನು ಸರಿ ಮಾಡಿದರೆ ಇನ್ನೊಂದು ಹಾಗೇ ಉಳಿಯುತ್ತದೆ, ಆಗ 'ಯಾವುದನ್ನು ಆಫ್ ಮಾಡಿದರೂ ಆಗುತ್ತಿಲ್ಲ' ಅನ್ನಿಸುತ್ತದೆ. ಹುಬ್ಬಳ್ಳಿ ಸುತ್ತಮುತ್ತಲಿನ ಅಂಗಡಿ, ಶಾಲೆ, ಪ್ರೆಸ್‌ಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದಲ್ಲಿ ಈ ದೂರು ನನಗೆ ಆಗಾಗ ಬರುತ್ತದೆ, ಮತ್ತು ಹೆಚ್ಚಿನ ಸಲ ಕಾರಣ ಇವೆರಡೇ.

ಮೊದಲು ಆ ಟಿಕ್ ಏನು ಮಾಡುತ್ತದೆ ಅಂತ ನೋಡೋಣ. ಅದರ ಹೆಸರು 'ಆಟೊಮ್ಯಾಟಿಕಲಿ ಸೇವ್ ಸೆಷನ್ ಆನ್ ಲಾಗೌಟ್'. ಅಂದರೆ ಲಾಗೌಟ್ ಆಗುವಾಗ ಯಾವ ಯಾವ ಪ್ರೋಗ್ರಾಂ ತೆರೆದಿವೆ ಅಂತ ಪಟ್ಟಿ ಮಾಡಿ ಉಳಿಸು. ಅಷ್ಟೇ. ಉಳಿಸಿದ ಪಟ್ಟಿಯನ್ನು ಬೆಳಿಗ್ಗೆ ಓದಬೇಕೋ ಬೇಡವೋ ಅನ್ನುವುದನ್ನು ಅದು ಹೇಳುವುದೇ ಇಲ್ಲ. ಲಾಗಿನ್ ಆದಾಗ ಎಕ್ಸ್‌ಎಫ್‌ಸಿಇ, ಅಂದರೆ ನಿಮ್ಮ ಲಿನಕ್ಸ್‌ನ ಡೆಸ್ಕ್‌ಟಾಪ್, ನೋಡುವುದು ಒಂದೇ ಸಂಗತಿ: ಉಳಿಸಿದ ಪಟ್ಟಿ ಇದೆಯಾ? ಇದ್ದರೆ ಅದರಂತೆ ಎಲ್ಲವನ್ನೂ ತೆರೆಯುತ್ತದೆ. ಟಿಕ್ ಇದೆಯೋ ಇಲ್ಲವೋ ಅಂತ ಆಗ ಕೇಳುವುದಿಲ್ಲ. ಪೇಪರ್ ಹಾಕುವ ಹುಡುಗನಿಗೆ ನಾಳೆಯಿಂದ ಬೇಡ ಅಂದರೆ ಹೊಸ ಪೇಪರ್ ಬರುವುದು ನಿಲ್ಲುತ್ತದೆ, ಮನೆಯಲ್ಲಿರುವ ಹಳೇ ಪೇಪರ್ ತಾನಾಗಿ ಎದ್ದು ಹೋಗುವುದಿಲ್ಲ. ನೀವು ಸೀಸನ್ ಮುಗಿದ ಮೇಲೆ ಟಿಕ್ ತೆಗೆದಿರಿ. ಆ ಹೊತ್ತಿಗೆ ಕೊನೆಯದಾಗಿ ಬರೆದಿದ್ದ ಪಟ್ಟಿಯಲ್ಲಿ ವಿಮೆ ಫೋಲ್ಡರ್, ಟರ್ಮಿನಲ್, ಫೈರ್‌ಫಾಕ್ಸ್ ಇದ್ದವು. ಅಲ್ಲಿಂದೀಚೆಗೆ ಪಟ್ಟಿ ಬದಲಾಗಿಲ್ಲ. ಬದಲಾಗದಿರಲಿ ಅಂತ ಹೇಳಿದ್ದು ನೀವೇ, ಟಿಕ್ ತೆಗೆಯುವ ಮೂಲಕ. ಹಾಗಾಗಿ ನಿಮ್ಮ ಸೆಟ್ಟಿಂಗ್ ಕೆಲಸ ಮಾಡುತ್ತಿಲ್ಲ ಅನ್ನುವುದು ತಪ್ಪು. ಅದು ಹೇಳಿದಷ್ಟನ್ನು ಸರಿಯಾಗಿಯೇ ಮಾಡುತ್ತಿದೆ.

ಈ ವಿನ್ಯಾಸ ನನಗೂ ಇಷ್ಟವಿಲ್ಲ. ಟಿಕ್ ತೆಗೆದಾಗ 'ಹಳೇ ಪಟ್ಟಿ ಇನ್ನೂ ಇದೆ, ಅದನ್ನೂ ಅಳಿಸಲಾ?' ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಹೀಗೆ ಇಟ್ಟಿರುವುದಕ್ಕೆ ಒಂದು ಕಾರಣವೂ ಇದೆ. ಕೆಲವರಿಗೆ ಬೇಕಾಗುವುದು ಇದೇ. ದಿನಾ ಬೇಕಾಗುವ ನಾಲ್ಕು ಪ್ರೋಗ್ರಾಂ ನೀಟಾಗಿ ಜೋಡಿಸಿ, ಒಂದು ಸಲ ಉಳಿಸಿ, ಆಮೇಲೆ ಸೇವ್ ಮಾಡುವುದನ್ನು ನಿಲ್ಲಿಸಿಬಿಡುತ್ತಾರೆ. ಹಗಲೆಲ್ಲ ಏನೇ ತೆರೆದರೂ ಮರುದಿನ ಬೆಳಿಗ್ಗೆ ಆ ನಾಲ್ಕೇ ಬರುತ್ತವೆ. ಗದಗಿನ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಟಿಪಿ ಮಾಡುವವರಿಗೆ ಇದು ನಿಜಕ್ಕೂ ಉಪಯೋಗ. ನಿಮ್ಮಂಥ ಸೆಂಟರ್‌ಗೆ ಅಲ್ಲ.

ಈ ವ್ಯವಸ್ಥೆ ಇವತ್ತಿನದಲ್ಲ. ಲಿನಕ್ಸ್‌ನಂಥ ಸಿಸ್ಟಮ್‌ಗಳಲ್ಲಿ ಪರದೆಯ ಮೇಲೆ ವಿಂಡೊ ತೋರಿಸುವ ಎಕ್ಸ್ ಅನ್ನುವ ವ್ಯವಸ್ಥೆಯ 1994ರ ಆವೃತ್ತಿ ಎಕ್ಸ್11ಆರ್6. ಅದರ ಜೊತೆಗೆ ಸೆಷನ್ ಮ್ಯಾನೇಜರ್ (ಈ ಪಟ್ಟಿ ನೋಡಿಕೊಳ್ಳುವ ಪ್ರೋಗ್ರಾಂ) ಮತ್ತು ಪ್ರೋಗ್ರಾಂಗಳು ಪರಸ್ಪರ ಮಾತಾಡಿಕೊಳ್ಳಲು ಒಂದು ಕ್ರಮ ಬಂತು, ಅದಕ್ಕೆ ಎಕ್ಸ್‌ಎಸ್‌ಎಂಪಿ ಅಂತ ಹೆಸರು. ಲಾಗೌಟ್ ಹೊತ್ತಿಗೆ ಸೆಷನ್ ಮ್ಯಾನೇಜರ್ ಪ್ರತಿ ಪ್ರೋಗ್ರಾಂಗೂ 'ನಿನ್ನ ಸ್ಥಿತಿ ಉಳಿಸಿಕೋ' ಅನ್ನುತ್ತದೆ. ಪ್ರೋಗ್ರಾಂ 'ನನ್ನನ್ನು ಮತ್ತೆ ಶುರು ಮಾಡಬೇಕಾದರೆ ಈ ಕಮಾಂಡ್ ಕೊಡು' ಅಂತ ತಿಳಿಸಿರುತ್ತದೆ. ಆ ಕಮಾಂಡ್‌ಗಳೆಲ್ಲ ಸೇರಿ ಪಟ್ಟಿ ಆಗುತ್ತದೆ. ಈ ಕ್ರಮ ಗೊತ್ತಿಲ್ಲದ ಪ್ರೋಗ್ರಾಂ ಸಾಮಾನ್ಯವಾಗಿ ಪಟ್ಟಿಗೆ ಬರುವುದಿಲ್ಲ. ನೀವು ಆ ರಾತ್ರಿ ಇನ್ನೇನೇನೋ ತೆರೆದಿಟ್ಟಿದ್ದರೂ ಬೆಳಿಗ್ಗೆ ಮೂರು ಮಾತ್ರ ಬರುತ್ತಿರುವುದಕ್ಕೆ ಇದೇ ಕಾರಣ ಇರಬಹುದು.

ಆ ಪಟ್ಟಿಯನ್ನು ಒಮ್ಮೆ ಕಣ್ಣಾರೆ ನೋಡಿ. ಫೈಲ್ ಮ್ಯಾನೇಜರ್‌ನಲ್ಲಿ ಹೋಮ್ ಫೋಲ್ಡರ್ ತೆರೆದು ಕಂಟ್ರೋಲ್ ಮತ್ತು ಹೆಚ್ ಕೀಲಿ ಒಟ್ಟಿಗೆ ಒತ್ತಿ. ಹೆಸರಿನ ಮೊದಲು ಚುಕ್ಕೆ ಇರುವ, ಅಡಗಿಸಿಟ್ಟ ಫೋಲ್ಡರ್‌ಗಳೆಲ್ಲ ಕಾಣುತ್ತವೆ. ಅದರಲ್ಲಿ ಚುಕ್ಕೆ ಕ್ಯಾಶ್ (.cache) ಅನ್ನುವುದರೊಳಗೆ ಸೆಷನ್ಸ್ ಅಂತ ಒಂದು ಫೋಲ್ಡರ್ ಇದೆ. ಅಲ್ಲಿ ಎಕ್ಸ್‌ಎಫ್‌ಸಿಇ4 ಸೆಷನ್ ಅಂತ ಶುರುವಾಗಿ ಮುಂದೆ ನಿಮ್ಮ ಕಂಪ್ಯೂಟರ್‌ನ ಹೆಸರಿರುವ ಒಂದು ಫೈಲ್ ಸಿಗುತ್ತದೆ. ಅದನ್ನು ಮೌಸ್‌ಪ್ಯಾಡ್ ಇಲ್ಲವೇ ನಿಮ್ಮಲ್ಲಿರುವ ಯಾವುದೇ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಬಹುದು, ಸುಮ್ನೆ ಓದಿ, ಏನೂ ತಿದ್ದಬೇಡಿ. ಒಟ್ಟು ಎಷ್ಟು ಪ್ರೋಗ್ರಾಂ ಅಂತ ಒಂದು ಸಾಲು ಇರುತ್ತದೆ, ಜೊತೆಗೆ ಒಂದೊಂದು ಪ್ರೋಗ್ರಾಂಗೂ ಕ್ಲೈಂಟ್ 0, ಕ್ಲೈಂಟ್ 1 ಅಂತ ನಂಬರ್ ಕೊಟ್ಟು ಅದರ ಹೆಸರು, ಅದನ್ನು ಮತ್ತೆ ಶುರು ಮಾಡುವ ಕಮಾಂಡ್. ನಿಮ್ಮ ಫೈರ್‌ಫಾಕ್ಸ್, ಟರ್ಮಿನಲ್ ಎಲ್ಲ ಅಲ್ಲಿ ಹೆಸರು ಸಮೇತ ಇರುತ್ತವೆ. ಜೊತೆಗೆ ಪ್ಯಾನೆಲ್ (ಮೆನು, ಗಡಿಯಾರ ಇರುವ ಸಾಲು), ವಿಂಡೊ ಮ್ಯಾನೇಜರ್ (ವಿಂಡೊಗಳಿಗೆ ಚೌಕಟ್ಟು ಹಾಕುವ ಪ್ರೋಗ್ರಾಂ) ಇವೂ ಇರುತ್ತವೆ, ಗಾಬರಿ ಬೇಡ, ಅವು ಇರಲೇಬೇಕು.

ಈಗ ಆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕೊನೆಯ ಸಲ ಬದಲಾದ ತಾರೀಖು ನೋಡಿ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಒಳ್ಳೇ ಪರೀಕ್ಷೆ. ತಾರೀಖು ನೀವು ಟಿಕ್ ತೆಗೆಯುವ ಮುಂಚಿನದಾಗಿದ್ದರೆ, ಹಳೇ ಪಟ್ಟಿ ಉಳಿದುಕೊಂಡಿದೆ ಅಂತ ಅರ್ಥ, ಮೇಲೆ ಹೇಳಿದ್ದೇ ಕಾರಣ. ತಾರೀಖು ನಿನ್ನೆಯದೋ ಮೊನ್ನೆಯದೋ ಆಗಿದ್ದರೆ, ಟಿಕ್ ತೆಗೆದ ಮೇಲೂ ಯಾರೋ ಸೇವ್ ಮಾಡುತ್ತಿದ್ದಾರೆ.

ಯಾರು ಅಂತೀರಾ? ಬಹಳ ಜನ ಗಮನಿಸದ ಜಾಗ ಇದು. ಆಟೊಮ್ಯಾಟಿಕ್ ಸೇವ್ ಆಫ್ ಮಾಡಿದ ಕೂಡಲೇ ಆ ಪ್ರಶ್ನೆ ಲಾಗೌಟ್ ವಿಂಡೊಗೆ ಹೋಗಿ ಕೂರುತ್ತದೆ. ಲಾಗೌಟ್, ರೀಸ್ಟಾರ್ಟ್, ಶಟ್‌ಡೌನ್ ಬಟನ್‌ಗಳಿರುವ ಆ ಸಣ್ಣ ವಿಂಡೊದ ಕೆಳಗೆ 'ಸೇವ್ ಸೆಷನ್ ಫಾರ್ ಫ್ಯೂಚರ್ ಲಾಗಿನ್ಸ್' ಅಂತ ಇನ್ನೊಂದು ಟಿಕ್ ಬರುತ್ತದೆ. ಆಟೊಮ್ಯಾಟಿಕ್ ಆನ್ ಇದ್ದಾಗ ಅದು ಕಾಣುತ್ತಲೇ ಇರಲಿಲ್ಲ, ಹೇಗೂ ಸೇವ್ ಆಗುವುದರಿಂದ ಕೇಳುವ ಅಗತ್ಯ ಇರಲಿಲ್ಲ. ಈ ಟಿಕ್ ಹಿಂದಿನ ಸಲ ಹೇಗಿತ್ತೋ ಹಾಗೇ ನೆನಪಿಟ್ಟುಕೊಳ್ಳುತ್ತದೆ. ಸಂಜೆ ಅಂಗಡಿ ಬಾಗಿಲು ಹಾಕುವ ಅವಸರದಲ್ಲಿ ಶಟ್‌ಡೌನ್ ಒತ್ತುವವರ ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ. ಹೀಗಾದಾಗ ಬೆಳಿಗ್ಗೆ ಬರುವುದು ಹಿಂದಿನ ದಿನ ತೆರೆದಿಟ್ಟ ವಿಂಡೊಗಳು. ನಿಮಗೆ ಬರುತ್ತಿರುವುದು ಮುಂಗಾರಿನ ವಿಂಡೊಗಳು. ಹಾಗಾಗಿ ನಿಮ್ಮಲ್ಲಿ ಹಳೇ ಪಟ್ಟಿಯೇ ಅಂತ ನನ್ನ ಅಂದಾಜು, ಆದರೂ ಈ ಎರಡನೇ ಟಿಕ್ ತೆಗೆಯದೆ ಮುಂದೆ ಹೋಗಬೇಡಿ.

ಸರಿ ಮಾಡುವ ಕ್ರಮ ಹೀಗೆ. ಮೊದಲು ಆ 'ವಿಮೆ' ಫೋಲ್ಡರ್, ಟರ್ಮಿನಲ್, ಫೈರ್‌ಫಾಕ್ಸ್ ಎಲ್ಲ ಮುಚ್ಚಿ. ಸೆಟ್ಟಿಂಗ್ಸ್‌ನಲ್ಲಿ 'ಸೆಷನ್ ಆಂಡ್ ಸ್ಟಾರ್ಟಪ್' ತೆರೆಯಿರಿ. ಜನರಲ್ ಅನ್ನುವ ಟ್ಯಾಬ್‌ನಲ್ಲಿ ಆಟೊಮ್ಯಾಟಿಕ್ ಸೇವ್ ಆಫ್ ಇದೆಯಾ ಅಂತ ಮತ್ತೊಮ್ಮೆ ನೋಡಿ. ಆಮೇಲೆ ಉಳಿಸಿದ ಸೆಷನ್‌ಗಳನ್ನು ಅಳಿಸುವ ಬಟನ್ ಹುಡುಕಿ. ಹಳೇ ಆವೃತ್ತಿಯಲ್ಲಿ ಅದು ಸೆಷನ್ ಟ್ಯಾಬ್‌ನಲ್ಲಿ ಇತ್ತು, ಈಚಿನವುಗಳಲ್ಲಿ 'ಸೇವ್ಡ್ ಸೆಷನ್ಸ್' ಅಂತ ಬೇರೆ ಟ್ಯಾಬ್ ಇದೆ. ಅದನ್ನು ಒತ್ತಿ, ಖಾತ್ರಿ ಕೇಳಿದರೆ ಹೂಂ ಅನ್ನಿ. ಈಗ ಲಾಗೌಟ್ ವಿಂಡೊ ತೆರೆದು, ಕೆಳಗಿನ ಟಿಕ್ ಇದ್ದರೆ ತೆಗೆದು, ಆಮೇಲೆ ಲಾಗೌಟ್ ಆಗಿ. ಮತ್ತೆ ಲಾಗಿನ್ ಆದಾಗ ಖಾಲಿ ಡೆಸ್ಕ್‌ಟಾಪ್ ಬರಬೇಕು. ಕ್ರಮ ಹಿಂದುಮುಂದಾದರೆ ಕೆಲಸ ಕೆಡುತ್ತದೆ: ಪಟ್ಟಿ ಅಳಿಸಿ, ಲಾಗೌಟ್ ವಿಂಡೊದಲ್ಲಿ ಟಿಕ್ ಹಾಗೇ ಬಿಟ್ಟರೆ, ಹೊರಗೆ ಹೋಗುವ ಹೊತ್ತಿಗೆ ಹೊಸ ಪಟ್ಟಿ ಬರೆದಿಟ್ಟೇ ಹೋಗುತ್ತದೆ. 'ಅಳಿಸಿದೆ, ಮತ್ತೆ ಬಂತು' ಅಂತ ಫೋನ್ ಮಾಡುವವರದ್ದು ಬಹುಪಾಲು ಇದೇ ಕಥೆ.

ಬಟನ್ ಸಿಗದಿದ್ದರೆ, ಅಥವಾ ಒತ್ತಿದರೂ ಏನೂ ಆಗದಿದ್ದರೆ, ಕೈಯಿಂದಲೇ ಮಾಡಬಹುದು. ಮೇಲೆ ಹೇಳಿದ ಸೆಷನ್ಸ್ ಫೋಲ್ಡರ್ ಇದೆಯಲ್ವಾ, ಅದರ ಹೆಸರು ಬದಲಿಸಿ, ಸೆಷನ್ಸ್ ಹಳೇದು ಅಂತ ಏನಾದರೂ ಇಡಿ. ಅಳಿಸುವುದಕ್ಕಿಂತ ಹೆಸರು ಬದಲಿಸುವುದು ಒಳ್ಳೇದು, ಬೇಕಾದರೆ ವಾಪಸ್ ತರಬಹುದು. ಮುಂದಿನ ಲಾಗಿನ್‌ನಲ್ಲಿ ಎಕ್ಸ್‌ಎಫ್‌ಸಿಇ ಹೊಸ ಖಾಲಿ ಫೋಲ್ಡರ್ ಮಾಡಿಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ ಅಳಿಸುವ ಕಮಾಂಡ್ ಟೈಪ್ ಮಾಡಿ ಅಂತ ಯಾರಾದರೂ ಹೇಳಿದರೆ, ಅಭ್ಯಾಸ ಇಲ್ಲದಿದ್ದರೆ ಬೇಡ. ಅಲ್ಲಿ ಒಂದು ಸ್ಪೇಸ್ ಜಾಸ್ತಿ ಬಿದ್ದರೆ ಬೇರೇನೋ ಅಳಿದುಹೋಗುತ್ತದೆ, ಕಸದ ಬುಟ್ಟಿಗೂ ಹೋಗುವುದಿಲ್ಲ.

ಅಳಿಸಿದರೆ ಏನು ಹೋಗುತ್ತದೆ ಅನ್ನುವ ಭಯ ಸಹಜ. ನಿಮ್ಮ ಫೈಲ್ ಒಂದೂ ಹೋಗುವುದಿಲ್ಲ. ವಿಮೆ ಫೋಲ್ಡರ್ ಅಲ್ಲೇ ಇರುತ್ತದೆ, ತಾನಾಗಿ ತೆರೆಯುವುದು ಮಾತ್ರ ನಿಲ್ಲುತ್ತದೆ. ವಾಲ್‌ಪೇಪರ್, ಪ್ಯಾನೆಲ್‌ನ ಜೋಡಣೆ, ಪ್ರಿಂಟರ್, ಕನ್ನಡ ಕೀಬೋರ್ಡ್, ಇವೆಲ್ಲ ಬೇರೆ ಕಡೆ ಇರುವುದರಿಂದ ಏನೂ ಆಗುವುದಿಲ್ಲ. ಪಟ್ಟಿಯೇ ಇಲ್ಲದಿದ್ದರೆ ಡೆಸ್ಕ್‌ಟಾಪ್ ಬರುತ್ತದಾ ಅಂತ ಕೇಳುತ್ತಾರೆ. ಬರುತ್ತದೆ. ಉಳಿಸಿದ ಸೆಷನ್ ಸಿಗದಿದ್ದಾಗ ಎಕ್ಸ್‌ಎಫ್‌ಸಿಇ ತನ್ನದೇ ಒಂದು ಮೂಲ ಪಟ್ಟಿ ಬಳಸುತ್ತದೆ, ಅದಕ್ಕೆ ಫೇಲ್‌ಸೇಫ್ ಅಂತಾರೆ. ಅದರಲ್ಲಿ ವಿಂಡೊ ಮ್ಯಾನೇಜರ್, ಸೆಟ್ಟಿಂಗ್ಸ್ ಡೀಮನ್ (ಸೆಟ್ಟಿಂಗ್‌ಗಳನ್ನು ಜಾರಿಗೆ ತರುವ ಪ್ರೋಗ್ರಾಂ), ಪ್ಯಾನೆಲ್, ಹಿನ್ನೆಲೆಯಲ್ಲಿ ಕೂರುವ ಫೈಲ್ ಮ್ಯಾನೇಜರ್ ಥುನಾರ್, ಡೆಸ್ಕ್‌ಟಾಪ್, ಇವು ಐದು ಇರುತ್ತವೆ. ನಿಜ ಹೇಳಬೇಕೆಂದರೆ ಪಟ್ಟಿ ಅಳಿಸುವುದಕ್ಕಿಂತ ಕೆಟ್ಟ ಪಟ್ಟಿ ಉಳಿಸಿಕೊಳ್ಳುವುದೇ ಜಾಸ್ತಿ ಅಪಾಯ. ಯಾವತ್ತಾದರೂ ಪ್ಯಾನೆಲ್ ಕ್ರ್ಯಾಶ್ ಆಗಿ ಕಾಣೆಯಾದ ಹೊತ್ತಿನಲ್ಲಿ ಸೆಷನ್ ಸೇವ್ ಆಗಿಬಿಟ್ಟರೆ, ದಿನಾ ಬೆಳಿಗ್ಗೆ ಪ್ಯಾನೆಲ್ ಇಲ್ಲದ ಡೆಸ್ಕ್‌ಟಾಪ್ ಬರುತ್ತದೆ. ಮೆನು ಇಲ್ಲ, ಗಡಿಯಾರ ಇಲ್ಲ, ಸಿಸ್ಟಮ್ ಹಾಳಾಯ್ತು ಅಂತ ಫಾರ್ಮ್ಯಾಟ್‌ಗೆ ತರುತ್ತಾರೆ. ಇದೇ ಸೆಷನ್ಸ್ ಫೋಲ್ಡರ್‌ನ ಹೆಸರು ಬದಲಿಸಿದರೆ ಅದೂ ಸರಿಹೋಗುತ್ತದೆ.

ಇಷ್ಟು ಮಾಡಿದ ಮೇಲೂ ಒಂದು ಪ್ರೋಗ್ರಾಂ ಬರುತ್ತಲೇ ಇದ್ದರೆ, ಅದು ಸೆಷನ್‌ನಿಂದ ಬರುತ್ತಿಲ್ಲ. 'ಸೆಷನ್ ಆಂಡ್ ಸ್ಟಾರ್ಟಪ್'ನಲ್ಲೇ 'ಅಪ್ಲಿಕೇಶನ್ ಆಟೊಸ್ಟಾರ್ಟ್' ಅಂತ ಬೇರೆ ಟ್ಯಾಬ್ ಇದೆ. ನಿಮಗೆ ಲಿನಕ್ಸ್ ಹಾಕಿಕೊಟ್ಟವರು ಅನುಕೂಲಕ್ಕೆ ಅಂತ ಅಲ್ಲಿ ಫೈರ್‌ಫಾಕ್ಸ್ ಸೇರಿಸಿರಬಹುದು. ಅಲ್ಲಿರುವ ಟಿಕ್ ತೆಗೆದರೆ ಅದು ಆಫ್. ಆದರೆ ನೆನಪಿರಲಿ, ಅದು ನಿಮ್ಮ ಯೂಸರ್‌ಗೆ ಮಾತ್ರ ಆಫ್. ಸೆಷನ್ ಪಟ್ಟಿಯೂ ಹಾಗೇ, ಪ್ರತಿ ಯೂಸರ್‌ಗೂ ಬೇರೆ. ಕೆಲಸದ ಹುಡುಗರಿಗೆ ಬೇರೆ ಲಾಗಿನ್ ಕೊಟ್ಟಿದ್ದರೆ ಅಲ್ಲಿಯೂ ಹೋಗಿ ಇದೇ ಕೆಲಸ ಮಾಡಬೇಕು.

ಈಗ ಎರಡನೇ ಸಮಸ್ಯೆ, ಫೈರ್‌ಫಾಕ್ಸ್. ಹಿಂದಿನ ದಿನದ ಪುಟಗಳು ದಿನಾ ಬರುವುದಿಲ್ಲ, ಕೆಲವು ಸಲ ಮಾತ್ರ ಅಂತ ಬರೆದಿದ್ದೀರಿ. ಆ 'ಕೆಲವು ಸಲ' ಯಾವಾಗ ಅಂತ ನೆನಪು ಮಾಡಿಕೊಳ್ಳಿ. ಹಿಂದಿನ ದಿನ ಕರೆಂಟ್ ಹೋಗಿ ಕಂಪ್ಯೂಟರ್ ದಪ್ಪನೆ ಆಫ್ ಆಗಿತ್ತಾ? ಅಥವಾ ಯಾರಾದರೂ ಶಟ್‌ಡೌನ್ ಮಾಡದೆ ನೇರ ಸ್ವಿಚ್ ತೆಗೆದರಾ? ಫೈರ್‌ಫಾಕ್ಸ್ ತೆರೆದಿರುವಷ್ಟು ಹೊತ್ತೂ ಯಾವ ಪುಟಗಳು ತೆರೆದಿವೆ ಅಂತ ತನ್ನ ಫೈಲ್‌ನಲ್ಲಿ ಬರೆದುಕೊಳ್ಳುತ್ತಲೇ ಇರುತ್ತದೆ. ಸರಿಯಾಗಿ ಮುಚ್ಚಿದರೆ ಆ ಪುಟಗಳನ್ನು ಮತ್ತೆ ತೆರೆಯುವುದಿಲ್ಲ. ಅರ್ಧಕ್ಕೆ ಆಫ್ ಆದರೆ ಕ್ರ್ಯಾಶ್ ಆಯ್ತು ಅಂದುಕೊಂಡು, ಮುಂದಿನ ಸಲ ಎಲ್ಲ ವಾಪಸ್ ತರುತ್ತದೆ. ಡೆಸ್ಕ್‌ಟಾಪ್‌ನ ಟಿಕ್ ಇದಕ್ಕೆ ಗೊತ್ತೇ ಇಲ್ಲ. ಇನ್ನೊಂದು ವಿಷಯ, ಹೀಗೆ ದಪ್ಪನೆ ಆಫ್ ಆದಾಗ ಎಕ್ಸ್‌ಎಫ್‌ಸಿಇಗೆ ಲಾಗೌಟ್ ಆಗುವ ಅವಕಾಶವೇ ಸಿಗುವುದಿಲ್ಲ, ಹಾಗಾಗಿ ಅದರ ಪಟ್ಟಿ ಹಳೇದೇ ಉಳಿಯುತ್ತದೆ. ಒಂದೇ ಬೆಳಿಗ್ಗೆ ಫೋಲ್ಡರ್ ಮುಂಗಾರಿನದು, ಬ್ರೌಸರ್‌ನ ಪುಟ ನಿನ್ನೆಯದು, ಹೀಗೆ ಕಲಬೆರಕೆ ಕಾಣುವುದು ಅದಕ್ಕೇ.

ಮೊದಲು ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ 'ಓಪನ್ ಪ್ರೀವಿಯಸ್ ವಿಂಡೋಸ್ ಆಂಡ್ ಟ್ಯಾಬ್ಸ್' ಟಿಕ್ ಇದ್ದರೆ ತೆಗೆಯಿರಿ. ಕ್ರೋಮ್ ಬಳಸುತ್ತಿದ್ದರೆ ಅಲ್ಲಿ 'ಕಂಟಿನ್ಯೂ ವೇರ್ ಯು ಲೆಫ್ಟ್ ಆಫ್' ಬದಲು ಹೊಸ ಟ್ಯಾಬ್ ತೆರೆಯುವುದನ್ನು ಆರಿಸಿ. ಇದು ಸುಲಭದ್ದು. ಕ್ರ್ಯಾಶ್ ಆದ ಮೇಲೆ ವಾಪಸ್ ತರುವುದನ್ನು ನಿಲ್ಲಿಸಲು ಫೈರ್‌ಫಾಕ್ಸ್‌ನ ಒಳಸೆಟ್ಟಿಂಗ್ ಒಂದಿದೆ, ಅಡ್ರೆಸ್ ಬಾರ್‌ನಲ್ಲಿ ಅಬೌಟ್ ಕಾನ್ಫಿಗ್ (about:config) ತೆರೆದು 'ರೆಸ್ಯೂಮ್ ಫ್ರಮ್ ಕ್ರ್ಯಾಶ್' ಅನ್ನುವುದನ್ನು ಫಾಲ್ಸ್ ಮಾಡಬೇಕು. ಆದರೆ ಇದರ ಬೆಲೆ ತಿಳಿದುಕೊಂಡು ಮಾಡಿ. ಅರ್ಜಿ ಅರ್ಧ ತುಂಬಿದಾಗ ಕರೆಂಟ್ ಹೋದರೆ ಪುಟ ಹುಡುಕಿಕೊಂಡು ಮೊದಲಿನಿಂದ ಶುರು ಮಾಡಬೇಕು. ವಿಮೆ ಸೀಸನ್‌ನಲ್ಲಿ ಸಾಲು ನಿಂತಿರುವಾಗ ಅದು ಸಣ್ಣ ತೊಂದರೆ ಅಲ್ಲ.

ನನ್ನನ್ನು ಕೇಳಿದರೆ, ಗ್ರಾಹಕರ ಕೆಲಸವನ್ನೆಲ್ಲ ಪ್ರೈವೇಟ್ ವಿಂಡೊದಲ್ಲಿ ಮಾಡಿ. ಅದರ ಪುಟಗಳನ್ನು ಫೈರ್‌ಫಾಕ್ಸ್ ಉಳಿಸಿಡುವುದಿಲ್ಲ, ಕರೆಂಟ್ ಹೋದರೂ ಮತ್ತೆ ತರುವುದಿಲ್ಲ. ವಿಂಡೊ ಮುಚ್ಚಿದರೆ ಅವರ ಲಾಗಿನ್ ಕೂಡ ಹೋಗುತ್ತದೆ, ಮುಂದಿನವರು ಬಂದಾಗ ಹಿಂದಿನವರ ಅಕೌಂಟ್ ತೆರೆದಿರುವ ಪ್ರಮೇಯ ಬರುವುದಿಲ್ಲ. ಒಬ್ಬರ ಕೆಲಸ ಮುಗಿದ ಕೂಡಲೇ ಎಲ್ಲ ಪ್ರೈವೇಟ್ ವಿಂಡೊಗಳನ್ನೂ ಮುಚ್ಚುವ ರೂಢಿ ಮಾತ್ರ ಬೇಕು, ಒಂದು ತೆರೆದಿದ್ದರೂ ಲಾಗಿನ್ ಉಳಿದಿರುತ್ತದೆ. ಕಂಪ್ಯೂಟರ್‌ಗೆ ಒಂದು ಸಣ್ಣ ಯುಪಿಎಸ್ ಇಟ್ಟುಕೊಂಡರೆ ಸರಿಯಾಗಿ ಶಟ್‌ಡೌನ್ ಮಾಡಲು ಸಮಯ ಸಿಗುತ್ತದೆ.

ಸೆಂಟರ್‌ನಲ್ಲಿ ಎರಡು ಮೂರು ಕಂಪ್ಯೂಟರ್ ಇದ್ದು, ಯಾರು ಯಾವಾಗ ಯಾವ ಟಿಕ್ ಹಾಕುತ್ತಾರೋ ಅನ್ನುವ ಚಿಂತೆ ಇದ್ದರೆ ಸೇವ್ ಮಾಡುವುದನ್ನೇ ಬೀಗ ಹಾಕಿ ಇಡಬಹುದು. ಇದಕ್ಕೆ ಎರಡು ದಾರಿ ಇವೆ. ಒಂದು, ಸೆಷನ್ಸ್ ಫೋಲ್ಡರ್ ಖಾಲಿ ಮಾಡಿ ಅದಕ್ಕೆ ಬರೆಯುವ ಅನುಮತಿ ತೆಗೆದುಬಿಡುವುದು. ಕೆಲಸ ಆಗುತ್ತದೆ, ಬಹಳ ಜನ ಹೇಳಿಕೊಡುವುದೂ ಇದನ್ನೇ, ಆದರೆ ನಾನು ಸಾಮಾನ್ಯವಾಗಿ ಮಾಡುವುದಿಲ್ಲ. ವರ್ಷ ಕಳೆದ ಮೇಲೆ ಯಾರಿಗಾದರೂ ಸೆಷನ್ ಸೇವ್ ಬೇಕಾದರೆ, ಟಿಕ್ ಹಾಕಿದರೂ ಸೇವ್ ಆಗುವುದಿಲ್ಲ, ಯಾಕೆ ಅಂತ ಯಾರಿಗೂ ಹೊಳೆಯುವುದಿಲ್ಲ. ಈಗಿನ ನಿಮ್ಮ ತಲೆನೋವು ಉಲ್ಟಾ ಆಗಿ ಬರುತ್ತದೆ ಅಷ್ಟೇ. ಇನ್ನೊಂದು, ಎಕ್ಸ್‌ಎಫ್‌ಸಿಇಯಲ್ಲೇ ಇರುವ ಕಿಯೋಸ್ಕ್ ವ್ಯವಸ್ಥೆ, ಅಂದರೆ ಯೂಸರ್‌ಗಳು ಏನೇನು ಮಾಡಬಹುದು ಅಂತ ಮಿತಿ ಹಾಕುವುದು. ಸಿಸ್ಟಮ್‌ನ ಕಿಯೋಸ್ಕ್ ಫೈಲ್‌ನಲ್ಲಿ ಸೆಷನ್ ಭಾಗದ ಕೆಳಗೆ 'ಸೇವ್ ಸೆಷನ್' ಮುಂದೆ 'ನನ್' (ಇಂಗ್ಲಿಷಿನ NONE, ಯಾರಿಗೂ ಇಲ್ಲ) ಅಂತ ಒಂದು ಸಾಲು ಬರೆದರೆ ಯಾವ ಯೂಸರ್‌ಗೂ ಸೇವ್ ಮಾಡಲು ಅವಕಾಶ ಇರುವುದಿಲ್ಲ. ಅಡ್ಮಿನ್ ಪಾಸ್‌ವರ್ಡ್ ಬೇಕು, ಹಾಗಾಗಿ ನಿಮಗೆ ಲಿನಕ್ಸ್ ಹಾಕಿಕೊಟ್ಟ ಹುಡುಗನಿಂದಲೇ ಮಾಡಿಸಿ. ಎರಡರಲ್ಲಿ ಯಾವುದನ್ನೇ ಮಾಡಿದರೂ ಹಳೇ ಪಟ್ಟಿಯನ್ನು ಮೊದಲು ಅಳಿಸಿರಬೇಕು. ಒಂದೇ ಕಂಪ್ಯೂಟರ್ ಇರುವವರಿಗೆ ಇಷ್ಟೆಲ್ಲ ಬೇಕಾಗಿಲ್ಲ.

ಬೇರೆ ಡೆಸ್ಕ್‌ಟಾಪ್ ಬಳಸುವವರಿಗೆ ಎರಡು ಮಾತು. ಕೆಡಿಇಯಲ್ಲಿ ಇದು ಸ್ವಲ್ಪ ಚೆನ್ನಾಗಿದೆ, ಸೆಷನ್ ಸೆಟ್ಟಿಂಗ್‌ನಲ್ಲಿ ಖಾಲಿ ಸೆಷನ್‌ನಿಂದ ಶುರು ಮಾಡು ಅನ್ನುವ ಆಯ್ಕೆ ಇದೆ, ಅದನ್ನು ಹಾಕಿದರೆ ಹಳೇದನ್ನು ನೋಡುವುದಿಲ್ಲ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್ ಇನ್ ಆಪ್ಷನ್ಸ್ ಒಳಗೆ ಪ್ರೋಗ್ರಾಂಗಳನ್ನು ಮತ್ತೆ ಶುರು ಮಾಡುವ ಸ್ವಿಚ್ ಇದೆ. ವಿಂಡೋಸ್ 10ರಲ್ಲಿ 2020ರ ಅಪ್‌ಡೇಟ್‌ನಿಂದ ಅದು ಬೇರೆ ಸ್ವಿಚ್ ಆಯಿತು. ಅದನ್ನು ಆಫ್ ಮಾಡಿದ ಮೇಲೂ ಏನಾದರೂ ತೆರೆಯುತ್ತಿದ್ದರೆ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿ ನೋಡಿ.

ಕೊನೆಗೆ ಕಾಗಿನೆಲೆಯವರ ಪ್ರಶ್ನೆ. ಅದನ್ನು ಬಿಟ್ಟು ಈ ಉತ್ತರ ಪೂರ್ತಿಯಾಗುವುದಿಲ್ಲ. ಸೆಷನ್ ಪಟ್ಟಿ ಅಳಿಸಿದರೆ ಆ ಫೋಲ್ಡರ್ ತಾನಾಗಿ ತೆರೆಯುವುದು ನಿಲ್ಲುತ್ತದೆ ನಿಜ, ಆದರೆ ಅದರೊಳಗಿನ ಆಧಾರ್, ಪಾಸ್‌ಬುಕ್, ಪಹಣಿ ಎಲ್ಲ ಅಲ್ಲೇ ಇವೆ. ಅರ್ಜಿ ಸಲ್ಲಿಸಿ ರಸೀದಿ ಕೊಟ್ಟ ಮೇಲೆ ಅವು ನಿಮಗೆ ಬೇಕಾಗಿಲ್ಲ ಅಂದರೆ ಇಟ್ಟುಕೊಳ್ಳಬೇಡಿ. ದಿನದ ಕೊನೆಗೆ ಡೌನ್‌ಲೋಡ್ಸ್ ಫೋಲ್ಡರ್ ಮತ್ತು ಸ್ಕ್ಯಾನ್ ಮಾಡಿ ಇಡುವ ಫೋಲ್ಡರ್ ಖಾಲಿ ಮಾಡಿ, ಆಮೇಲೆ ಟ್ರ್ಯಾಶ್ ಖಾಲಿ ಮಾಡಿ. ಫೈಲ್ ಅಳಿಸಿದ ಮೇಲೂ ಎರಡು ಕಡೆ ಗುರುತು ಉಳಿಯುತ್ತದೆ. ಒಂದು, ಈಚೆಗೆ ತೆರೆದ ಫೈಲುಗಳ ಪಟ್ಟಿ, ಅಲ್ಲಿ ಗ್ರಾಹಕರ ಹೆಸರಿನ ಫೈಲ್‌ಗಳು ಹೆಸರು ಸಮೇತ ಕಾಣುತ್ತವೆ. ಫೈಲ್ ಮ್ಯಾನೇಜರ್‌ನ ರೀಸೆಂಟ್ ವಿಭಾಗದಿಂದ ಅದನ್ನು ತೆರವು ಮಾಡಬಹುದು. ಇನ್ನೊಂದು ಥಂಬ್‌ನೇಲ್. ಫೋಟೊ ಅಥವಾ ಪಿಡಿಎಫ್ ಇರುವ ಫೋಲ್ಡರ್ ತೆರೆದಾಗ ಕಾಣುವ ಸಣ್ಣ ಚಿತ್ರಗಳು ಅದೇ ಚುಕ್ಕೆ ಕ್ಯಾಶ್ ಒಳಗಿನ ಥಂಬ್‌ನೇಲ್ಸ್ ಫೋಲ್ಡರ್‌ನಲ್ಲಿ ಉಳಿದಿರುತ್ತವೆ. ದೊಡ್ಡ ಸೈಜಿನ ಥಂಬ್‌ನೇಲ್‌ನಲ್ಲಿ ಮುಖ ಚೆನ್ನಾಗಿಯೇ ಗುರುತು ಸಿಗುತ್ತದೆ. ಆ ಫೋಲ್ಡರ್‌ನ ಒಳಗಿರುವುದನ್ನೆಲ್ಲ ಅಳಿಸಿದರೆ ಯಾವ ಹಾನಿಯೂ ಇಲ್ಲ, ಬೇಕಾದವು ಮತ್ತೆ ತಾವಾಗಿ ಆಗುತ್ತವೆ. ವಾರಕ್ಕೊಮ್ಮೆ ಇದನ್ನು ಮಾಡಿ. ಆ ಮುಂಗಾರಿನ ವಿಮೆ ಫೋಲ್ಡರ್‌ನಲ್ಲಿ ಇನ್ನೂ ಇತ್ಯರ್ಥ ಆಗದ ಅರ್ಜಿಗಳಿದ್ದರೆ ಅವುಗಳ ಕಾಗದ ಮಾತ್ರ ಪಾಸ್‌ವರ್ಡ್ ಇರುವ ನಿಮ್ಮ ಸ್ವಂತ ಲಾಗಿನ್‌ಗೆ ಸಾಗಿಸಿ, ಉಳಿದದ್ದನ್ನು ಇವತ್ತೇ ಅಳಿಸಿ.